ಮೈಸೂರು, ಮಂಡ್ಯದ ನಡುವೆ ಒಂದು ಬೆಲ್ಲದ ಬಳಗ ಬೇಕು

ಆಹಾರ ವಿಜ್ಞಾನ ಓದಿದವರಿಗೆಲ್ಲ ಮೈಸೂರು ತವರಿದ್ದಂತೆ. ಸಿಎಫ್‌ಟಿಆರ್‌ಐ ಎಂಬ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾಯಿತು. ಸೈನಿಕರ ಆಹಾರವನ್ನು ರೂಪಿಸುವ ಡಿಎಫ್‌ಆರ್‌ಎಲ್ ಎಂಬ ರಕ್ಷಣಾ ಪ್ರಯೋಗಾಲಯ ಕೂಡ ಇದೇ ಊರಿನಲ್ಲಿದೆ. 1957ರಲ್ಲಿ ಹುಟ್ಟಿದ ಭಾರತದ ಆಹಾರ ವಿಜ್ಞಾನಿಗಳ ಮತ್ತು ತಂತ್ರಜ್ಞರ ಸಂಘದ ಕೇಂದ್ರ ಕಚೇರಿ ಇರುವುದೂ ಸಿಎಫ್‌ಟಿಆರ್‌ಐ ಆವರಣದಲ್ಲೇ. ಇಷ್ಟೆಲ್ಲ ಒಂದೇ ಊರಿನಲ್ಲಿ ಕೂಡಿರುವುದನ್ನು ಷಿಕಾಗೊದಲ್ಲಿ ನನ್ನ ಸಹೋದ್ಯೋಗಿಗಳಿಗೆ ಹೇಳುವಾಗ ನನಗೆ ಹೆಮ್ಮೆ ಎನಿಸುತ್ತದೆ. ಆದರೂ ವಿದ್ವತ್ ಸಂಘವೊಂದು ತನ್ನ ಸಾಮಾನ್ಯ ಸದಸ್ಯನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ವಿಷಯದಲ್ಲಿ ನಾವು ಕಲಿಯಬೇಕಾದದ್ದು ಇನ್ನೂ ಇದೆ.

ಅಮೆರಿಕದ ಆಹಾರ ತಂತ್ರಜ್ಞರ ಸಂಸ್ಥೆ ಐಎಫ್‌ಟಿ ಆರಂಭವಾದದ್ದು 1939ರಲ್ಲಿ. ಅದರ ವಾರ್ಷಿಕ ಸಮಾವೇಶ ಬಹಳ ದೊಡ್ಡದು, ಆದರೆ ನನಗೆ ಮುಖ್ಯವಾಗಿ ಕಾಣುವುದು ಅದರೊಳಗಿನ ಸಣ್ಣ ಗುಂಪುಗಳು. ಆಹಾರ ರಸಾಯನ ವಿಜ್ಞಾನ, ಸೂಕ್ಷ್ಮಜೀವಿ ವಿಜ್ಞಾನ, ರುಚಿ ಪರೀಕ್ಷೆ ಹೀಗೆ ವಿಷಯಕ್ಕೊಂದು ವಿಭಾಗ, ಊರು ಪ್ರಾಂತ್ಯಗಳಿಗೊಂದು ಶಾಖೆ, ವಿದ್ಯಾರ್ಥಿಗಳಿಗೆ ಅವರದೇ ಸಂಘ. 1876ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕೆಮಿಕಲ್ ಸೊಸೈಟಿಯ ರಚನೆಯೂ ಇದೇ ಬಗೆಯದು. ಅಲ್ಲಿನ ವಿಭಾಗಗಳೂ ಸ್ಥಳೀಯ ಶಾಖೆಗಳೂ ತಮ್ಮ ಪ್ರತಿನಿಧಿಗಳನ್ನು ಆರಿಸಿ ಸೊಸೈಟಿಯ ಮಂಡಳಿಗೆ ಕಳಿಸುತ್ತವೆ. ಮೂವತ್ತು ದಾಟದ ಸಂಶೋಧಕಿಯೊಬ್ಬಳು ಇಂಥ ಗುಂಪಿನ ಕಾರ್ಯದರ್ಶಿಯಾಗಿ ದೊಡ್ಡ ವಿಜ್ಞಾನಿಯೊಬ್ಬರಿಗೆ ಪತ್ರ ಬರೆದು ಉಪನ್ಯಾಸಕ್ಕೆ ಕರೆಯಬಹುದು. ಆ ಪತ್ರ ಬರೆಯಲು ಅವಳಿಗೆ ಯಾರ ಶಿಫಾರಸೂ ಬೇಡ, ಕಾರ್ಯದರ್ಶಿ ಎಂಬ ಸ್ಥಾನವೇ ಸಾಕು.

ಮೈಸೂರಿನ ರೀತಿಯೇ ಬೇರೆ. ಗುರುಗಳ ಮನೆಗೆ ಹೋದರೆ ಕಾಫಿ ಕೊಟ್ಟು ಕೂರಿಸಿ, ಪ್ರಬಂಧದ ಒಂದೊಂದು ಸಾಲನ್ನೂ ತಿದ್ದುತ್ತಾರೆ. ನಿವೃತ್ತರಾದ ಮೇಲೂ ಶಿಷ್ಯರ ಮಕ್ಕಳ ಓದಿನ ಬಗ್ಗೆ ವಿಚಾರಿಸುತ್ತಾರೆ. ಅಮೆರಿಕದಲ್ಲಿ ಇದು ಅಪರೂಪ. ಸಮಾವೇಶದ ಸಂಜೆಯಲ್ಲಿ ಕೈಕುಲುಕಿ ಕಾರ್ಡ್ ಕೊಟ್ಟವರಲ್ಲಿ ಹೆಚ್ಚಿನವರು ಮರುವಾರವೇ ನಮ್ಮನ್ನು ಮರೆತಿರುತ್ತಾರೆ. ಮೈಸೂರಿನ ಈ ಅಕ್ಕರೆಯನ್ನು ಯಾವ ಸಮಿತಿಯೂ ಹುಟ್ಟಿಸಲಾರದು. ಅದು ಕಳೆದುಹೋಗಬಾರದು ಎಂದೇ ನನ್ನ ಆಸೆ.

ಆದರೆ ಆ ಅಕ್ಕರೆ ದೊರೆಯುವುದು ಯಾರಿಗೆ? ಗುರುಗಳ ಮನೆಯ ದಾರಿ ತಿಳಿದವರಿಗೆ. ಮಳವಳ್ಳಿಯ ಕಡೆಯ ಹಳ್ಳಿಯಿಂದ ಬಂದು ಮಂಡ್ಯದ ಕಾಲೇಜಿನಲ್ಲಿ ಓದುವ ಹುಡುಗಿಗೆ ಮೈಸೂರಿನ ಪ್ರಯೋಗಾಲಯದಲ್ಲಿ ಯಾರು ಪರಿಚಯ? ಅವಳ ಅಪ್ಪನಿಗೆ ಯಾವ ಪ್ರೊಫೆಸರೂ ಗೊತ್ತಿಲ್ಲ. ಸಮ್ಮೇಳನಕ್ಕೆ ಬಂದರೆ ಹಾರ, ಶಾಲು, ಸ್ವಾಗತ ಭಾಷಣಗಳಲ್ಲಿ ಅರ್ಧ ಬೆಳಗು ಕಳೆಯುತ್ತದೆ. ಮಧ್ಯಾಹ್ನ ಅವಳು ತನ್ನ ಪೋಸ್ಟರಿನ ಪಕ್ಕ ನಿಂತಿರುತ್ತಾಳೆ, ಹಿರಿಯರು ಊಟದ ಸಾಲಿನಲ್ಲಿರುತ್ತಾರೆ. ನನ್ನ ಓದಿನ ದಿನಗಳಲ್ಲಿ ಹೀಗೆ ನಿಂತವರನ್ನು ಬಹಳ ಕಂಡಿದ್ದೇನೆ. ಅವರಲ್ಲಿ ಕೆಲವರು ನನಗಿಂತ ಎಷ್ಟೋ ಜಾಣರು. ಯಾರೂ ಕೈ ಹಿಡಿಯದೆ ಅವರು ಈ ವಿಷಯವನ್ನೇ ಬಿಟ್ಟುಹೋದದ್ದು ನನಗೆ ಇಂದಿಗೂ ನೋವು.

ಬೆಲ್ಲವನ್ನೇ ನೋಡಿ. ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತಾರೆ, ಕೊಳೆ ತೆಗೆಯಲು ಕೆಲವರು ಬೆಂಡೆ ಗಿಡದ ಲೋಳೆ ಬಳಸುತ್ತಾರೆ. ಮಾರುಕಟ್ಟೆ ಹಳದಿ ಬಣ್ಣದ ಬೆಲ್ಲ ಕೇಳುತ್ತದೆಂದು ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕುವುದೂ ಇದೆ. ಅದರಿಂದ ಉಳಿಯುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 70 ಭಾಗ, ಮೀರಬಾರದು ಎಂದು ನಿಯಮ. ಇದನ್ನು ಅಳೆಯಬಲ್ಲವರು ಮೈಸೂರಿನಲ್ಲಿದ್ದಾರೆ. ಕಬ್ಬಿನ ತಳಿ ಬಲ್ಲವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿದ್ದಾರೆ. ಪಾಕದ ಹದ ಬಲ್ಲವರು ಕೊಪ್ಪರಿಗೆಯ ಮುಂದೆ ನಿಂತಿದ್ದಾರೆ. ಮೈಸೂರಿಗೂ ಮಂಡ್ಯಕ್ಕೂ ಇರುವ ದೂರ ಸುಮಾರು 45 ಕಿಲೋಮೀಟರ್. ಈ ಮೂವರೂ ವರ್ಷಕ್ಕೆ ನಾಲ್ಕು ಬಾರಿ ಒಂದೆಡೆ ಕೂರುವಂತೆ ಬೆಲ್ಲದ ಹೆಸರಿನಲ್ಲೇ ಒಂದು ಸದಸ್ಯರ ಬಳಗ ಏಕಿರಬಾರದು? ವಿದೇಶದ ವಿಷಯ ವಿಭಾಗಗಳಲ್ಲೂ ಹೊಲದವನಿಗೆ ಸಿಗದ ಜಾಗವನ್ನು ನಾವು ಇಲ್ಲಿ ಕೊಡಬಹುದು.

ಇಂಥ ಏರ್ಪಾಡು ನಮಗೆ ಹೊಸದೇನೂ ಅಲ್ಲ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಜಿಲ್ಲಾ ಘಟಕ, ತಾಲ್ಲೂಕು ಘಟಕಗಳಿವೆ, ಗಡಿನಾಡು ಹೊರನಾಡುಗಳಲ್ಲೂ ಘಟಕಗಳಿವೆ. ಸಾಹಿತ್ಯಕ್ಕೆ ತಾಲ್ಲೂಕಿನವರೆಗೆ ಇಳಿಯಬಲ್ಲವರು ವಿಜ್ಞಾನಕ್ಕೆ ಇಳಿಯಲಾರರೆ?

ಬಳಗಕ್ಕೆ ನನ್ನ ಒತ್ತಾಯ ಮುಖ್ಯವಾಗಿ ಎರಡು. ಪದಾಧಿಕಾರಿಗಳ ಅವಧಿ ಒಂದೇ ವರ್ಷವಿರಲಿ, ಅವರಲ್ಲಿ ಒಬ್ಬರು ವಿದ್ಯಾರ್ಥಿಯೇ ಆಗಿರಲಿ. ಹಿರಿಯರು ಸಲಹೆ ಕೊಡಲಿ, ಆದರೆ ಸಭೆ ಕರೆಯುವ ಅಧಿಕಾರ ಕಿರಿಯರ ಕೈಯಲ್ಲಿರಲಿ. ಎರಡನೆಯದಾಗಿ, ಸಭೆ ಕನ್ನಡದಲ್ಲಿ ನಡೆಯಲಿ. ಇಂಗ್ಲಿಷಿನಲ್ಲಿ ನಡೆದರೆ ಆಲೆಮನೆಯವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಎದ್ದುಹೋಗುತ್ತಾರೆ, ಹಳ್ಳಿಯ ಹುಡುಗಿಯೂ ಬಾಯಿ ತೆರೆಯುವುದಿಲ್ಲ. ಶುಲ್ಕದ ವಿಷಯದಲ್ಲಿ ಮಾತ್ರ ಅಮೆರಿಕದವರನ್ನು ಅನುಸರಿಸುವುದು ಬೇಡ. ಅಲ್ಲಿ ಸದಸ್ಯತ್ವಕ್ಕೇ ದೊಡ್ಡ ಮೊತ್ತ ತೆರಬೇಕು, ಅದು ನಮ್ಮ ವಿದ್ಯಾರ್ಥಿಗಳಿಗೆ ಹೊರೆ.

ಮೊದಲ ಸಭೆಯನ್ನು ಕಬ್ಬು ಅರೆಯುವ ಕಾಲದಲ್ಲಿ ವಿ.ಸಿ. ಫಾರಂನಲ್ಲೇ ಕರೆಯಬಹುದು. ಬರುವವರಲ್ಲಿ ಬಹುಪಾಲು ಜನ ಸಂಜೆಯ ಹೊತ್ತಿಗೆ ಮನೆ ಸೇರಬಹುದು, ವಸತಿಯ ಖರ್ಚೂ ಇಲ್ಲ. ಹೊರಗಿರುವ ನಮ್ಮಂಥವರಿಂದ ಹಣಕ್ಕಿಂತ ಸಮಯ ಕೇಳಿ. ಪ್ರತಿಯೊಬ್ಬ ಹೊರನಾಡ ವಿಜ್ಞಾನಿಯೂ ಆ ಬಳಗದ ಒಬ್ಬ ವಿದ್ಯಾರ್ಥಿಯ ಪ್ರಬಂಧ ಓದಿ, ತಿಂಗಳಿಗೊಮ್ಮೆ ಫೋನಿನಲ್ಲಿ ಮಾತನಾಡಿ, ತನಗೆ ಗೊತ್ತಿರುವ ಪ್ರಯೋಗಾಲಯಗಳಿಗೆ ಅವಳ ಹೆಸರು ಹೇಳುವುದು ಕಷ್ಟವೇನಲ್ಲ. ಮೊದಲ ವಿದ್ಯಾರ್ಥಿಯ ಹೊಣೆ ನನ್ನದು.