ವೈದ್ಯರ ದುಡಿಮೆಗೆ ಸರ್ಕಾರ ಕಟ್ಟುವ ಬೆಲೆ

ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಬಿಪಿಎಲ್ ಕಾರ್ಡು ಎರಡನ್ನೂ ಹಿಡಿದು ಬಂದ ವೃದ್ಧರೊಬ್ಬರಿಗೆ ಹಾಸಿಗೆ ಖಾಲಿಯಿಲ್ಲವೆಂದು ಹೇಳಿದ ಖಾಸಗಿ ಆಸ್ಪತ್ರೆಯೊಂದು, ಅವರ ಮಗ ಮುಂಗಡ ಕಟ್ಟುತ್ತೇನೆ ಎಂದೊಡನೆ ಹಾಸಿಗೆ ಕೊಟ್ಟದ್ದನ್ನು ಇಂದು ಬೆಳಿಗ್ಗೆ ಕಣ್ಣಾರೆ ಕಂಡೆ. ಇಷ್ಟು ವರ್ಷ ಕ್ಲೇಮು ವಿಭಾಗದಲ್ಲಿಯೇ ದುಡಿದ ನನಗೆ ಇದು ಹೊಸದಲ್ಲ. ಆದರೂ ಕೋಪ ಇನ್ನೂ ಇಳಿದಿಲ್ಲ. ಕೌಂಟರಿನಲ್ಲಿ ಕುಳಿತ ಹುಡುಗಿಯ ಮೇಲೆ ರೇಗಿ ಫಲವೇನು? ಕೇಡಿನ ಮೂಲ, ಬಡವರ ಉಚಿತ ಚಿಕಿತ್ಸಾ ಯೋಜನೆಯಡಿ ಸರ್ಕಾರ ಆಸ್ಪತ್ರೆಗಳಿಗೆ ಕೊಡುವ ಹಣದ ದರಪಟ್ಟಿಯಲ್ಲಿದೆ.

2018ರಲ್ಲಿ ಆಯುಷ್ಮಾನ್ ಭಾರತ್ ಆರಂಭವಾದಾಗ, ಶಸ್ತ್ರಚಿಕಿತ್ಸೆಯಿಲ್ಲದೆ ಸಾಮಾನ್ಯ ವಾರ್ಡಿನಲ್ಲಿ ದಾಖಲಾಗುವ ರೋಗಿಗೆ ಕೇಂದ್ರದ ಪಟ್ಟಿ ದಿನಕ್ಕೆ 1,800 ರೂಪಾಯಿ ನಿಗದಿ ಮಾಡಿತ್ತು. ಹಾಸಿಗೆ, ಶುಶ್ರೂಷೆ, ಔಷಧಿ, ರಕ್ತಪರೀಕ್ಷೆ, ಊಟ, ವೈದ್ಯರ ಶುಲ್ಕ ಎಲ್ಲವೂ ಅದರೊಳಗೇ ಅಡಗಬೇಕು. ಔಷಧಿಯ ಬಾಕಿಯಾಗಲಿ ವಿದ್ಯುತ್ ಬಿಲ್ಲಾಗಲಿ ಕಾಯುವುದಿಲ್ಲವಾದ್ದರಿಂದ, ಕಟ್ಟಕಡೆಗೆ ಏನಾದರೂ ಉಳಿದರೆ ಅದು ವೈದ್ಯರ ಪಾಲು. ನಡುರಾತ್ರಿ ಎದ್ದು ಬಂದು ಡೆಂಗಿ ರೋಗಿಯ ಪ್ಲೇಟ್‌ಲೆಟ್ ನೋಡಿ, ಮನೆಯವರಿಗೆ ಧೈರ್ಯ ಹೇಳಿ ಹೋಗುವ ಫಿಸಿಷಿಯನ್ನರ ಶ್ರಮಕ್ಕೆ ಆ ಪಟ್ಟಿಯಲ್ಲಿ ಬೇರೆ ಲೆಕ್ಕವೇ ಇಲ್ಲ.

ಕೇಂದ್ರ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನಲ್ಲಿ ಲೆಕ್ಕವೇನೋ ಬೇರೆಯಾಗಿಯೇ ಇದೆ. ಆದರೆ ಹೊರರೋಗಿಯನ್ನು ನೋಡುವ ವೈದ್ಯರಿಗೆ 2023ರ ಏಪ್ರಿಲ್‌ವರೆಗೂ ಸಲ್ಲುತ್ತಿದ್ದುದು 150 ರೂಪಾಯಿ. ಆಮೇಲೆ 350 ಆಯಿತು. 2014ರ ದರಪಟ್ಟಿಯನ್ನು ಸಮಗ್ರವಾಗಿ ಪರಿಷ್ಕರಿಸಲು 2025ರ ಅಕ್ಟೋಬರ್ ಬರಬೇಕಾಯಿತು. ನೌಕರರ ತುಟ್ಟಿಭತ್ಯೆಯನ್ನು ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ವರ್ಷಕ್ಕೆ ಎರಡು ಬಾರಿ ಪರಿಷ್ಕರಿಸುವ ವ್ಯವಸ್ಥೆಯಿರುವ ಸರ್ಕಾರಕ್ಕೆ, ವೈದ್ಯರ ದರಕ್ಕೂ ಅಂಥದೊಂದು ನಿಯಮ ಮಾಡುವುದು ಅಸಾಧ್ಯವೇ?

ದರ ಏರಿಸಿದರೆ ಕಾರ್ಪೊರೇಟ್ ಆಸ್ಪತ್ರೆಗಳು ಕೊಬ್ಬುತ್ತವೆ, ಆ ಹಣವನ್ನು ಜಿಲ್ಲಾಸ್ಪತ್ರೆಗಳಿಗೆ ಕೊಡಲಿ ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ಜಿಲ್ಲಾಸ್ಪತ್ರೆಗಳಿಗೆ ಧಾರಾಳವಾಗಿ ಕೊಡಲಿ, ನನ್ನ ತಕರಾರಿಲ್ಲ. ಆದರೆ ಕಡಿಮೆ ದರದಿಂದ ದೊಡ್ಡ ಆಸ್ಪತ್ರೆಯೊಂದು ಬಗ್ಗಿದ್ದನ್ನು ನಾನು ಕಂಡಿಲ್ಲ. ಅದು ಯೋಜನೆಯಿಂದ ಹೊರಗುಳಿದು ನಗದು ರೋಗಿಗಳನ್ನು ನೋಡಿಕೊಳ್ಳುತ್ತದೆ. ಸೊರಗುವುದು ತಾಲ್ಲೂಕಿನ ಸಣ್ಣ ನರ್ಸಿಂಗ್ ಹೋಮು. ಅಲ್ಲಿ ದರ ಸಾಲದೆ ಬಿದ್ದ ಕೊರತೆಯನ್ನು ತುಂಬುವವರು ಯಾರು? “ಈ ಇಂಜೆಕ್ಷನ್ ಹೊರಗಿನಿಂದ ತನ್ನಿ” ಎಂಬ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವ ರೋಗಿಯ ಮನೆಯವರೇ. ಉಚಿತ ಚಿಕಿತ್ಸೆಯೆಂದು ನಂಬಿ ಬಂದವರು ಒಡವೆ ಅಡವಿಟ್ಟದ್ದನ್ನು ನೋಡಿದ ಮೇಲೆ, ಅಗ್ಗದ ದರ ಬಡವರ ಪರವೆಂಬ ಮಾತನ್ನು ನಾನು ಒಪ್ಪಲಾರೆ.

ನಮ್ಮ ರಾಜ್ಯದಲ್ಲಿ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮುಂದಿನ ಪಟ್ಟಿ ಸಿದ್ಧಪಡಿಸುವಾಗ ವೈದ್ಯರ ಶುಲ್ಕವನ್ನು ಎಲ್ಲ ಸೇರಿದ ಪ್ಯಾಕೇಜ್ ದರದಿಂದ ಬೇರ್ಪಡಿಸಿ ತೋರಿಸಲಿ, ಅದನ್ನು ಪ್ರತಿವರ್ಷ ಪರಿಷ್ಕರಿಸಲಿ, ಲೆಕ್ಕ ಹಾಕಿದ ಬಗೆಯನ್ನು ಸಾರ್ವಜನಿಕರ ಮುಂದಿಡಲಿ. ಅಷ್ಟಾದ ಮೇಲೂ ಕಾರ್ಡು ನೋಡಿ ಹಾಸಿಗೆಯಿಲ್ಲ ಎನ್ನುವ ಆಸ್ಪತ್ರೆಯ ಪರವಾನಗಿಯನ್ನು ರದ್ದು ಮಾಡಿದರೆ ಮೊದಲು ಸ್ವಾಗತಿಸುವವಳು ನಾನು.