ಗೈಸರಿಕ್‌ನನ್ನು ಧ್ವಂಸಕ ಎನ್ನುವುದು ನ್ಯಾಯವೇ?

ಪರ

ಗೈಸರಿಕ್ ಜರ್ಮನಿಕ್ ಬುಡಕಟ್ಟಾದ ವ್ಯಾಂಡಲರ ದೊರೆ. ಕ್ರಿ.ಶ. 455ರಲ್ಲಿ ಅವನು ಲೂಟಿ ಮಾಡಿದ ರೋಮ್‌ನಿಂದ ಉತ್ತರ ಆಫ್ರಿಕಾದ ಕಾರ್ಥೇಜಿಗೆ ಮರಳಿದ ವ್ಯಾಂಡಲರ ಹಡಗುಗಳಲ್ಲಿ ಬಂಗಾರದ ಜೊತೆಗೆ ಸಾವಿರಾರು ಸೆರೆಯಾಳುಗಳೂ ಇದ್ದರು. ದಡ ಮುಟ್ಟಿದ ಮೇಲೆ ವ್ಯಾಂಡಲರೂ ಅಲ್ಲಿನ ಸ್ಥಳೀಯರಾದ ಮೂರ್ ಜನರೂ ಅವರನ್ನು ಹಂಚಿಕೊಂಡರು. ಗಂಡ ಒಂದು ಪಾಲಿಗೆ, ಹೆಂಡತಿ ಇನ್ನೊಂದಕ್ಕೆ, ಮಕ್ಕಳು ಮತ್ತೆಲ್ಲಿಗೋ. ಕಾರ್ಥೇಜಿನ ಬಿಷಪ್ ಡಿಯೊಗ್ರಾಸಿಯಸ್ ಚರ್ಚಿನ ಚಿನ್ನ-ಬೆಳ್ಳಿಯ ಪಾತ್ರೆಗಳನ್ನು ಮಾರಿ ಅವರನ್ನು ಬಿಡಿಸಲು ಹೊರಟ. ಇರಿಸಲು ಜಾಗ ಸಾಲದೆ ಎರಡು ದೊಡ್ಡ ಚರ್ಚುಗಳಲ್ಲಿ ಹಾಸಿಗೆ, ಹುಲ್ಲು ಹಾಸಿಸಿದ. ವಯಸ್ಸಾಗಿ ಸೋತಿದ್ದರೂ ರಾತ್ರಿ ಹೊತ್ತು ಒಬ್ಬೊಬ್ಬ ರೋಗಿಯ ಬಳಿ ಹೋಗಿ ಹೇಗಿದ್ದೀರಿ ಎಂದು ವಿಚಾರಿಸುತ್ತಿದ್ದ. ಗೈಸರಿಕ್ ಎಂದರೆ ನನ್ನ ಕಣ್ಣ ಮುಂದೆ ಬರುವುದು ಆ ಹಾಸಿಗೆಗಳ ಸಾಲು.

ಅವನು ರೋಮ್‌ಗೆ ಬೆಂಕಿ ಇಡಲಿಲ್ಲ ಎನ್ನುತ್ತಾರೆ. ನಿಜವಿರಬಹುದು. ಆದರೆ ಗೋಡೆ ಉಳಿಸಿ ಸಂಸಾರ ಒಡೆದವನನ್ನು ಏನೆಂದು ಕರೆಯೋಣ? ಸ್ವಂತ ಸೊಸೆ, ವಿಸಿಗಾತ್ ದೊರೆ ಥಿಯೊಡೊರಿಕನ ಮಗಳು, ವಿಷ ಹಾಕಲು ಹೊಂಚಿದಳೆಂಬ ಅನುಮಾನಕ್ಕೇ ಅವಳ ಕಿವಿ-ಮೂಗು ಕೊಯ್ಸಿ ತವರಿಗೆ ಅಟ್ಟಿದವನು ಅವನು. ಗ್ರೀಸಿನ ಜಾಕಿಂಥಸ್ ದ್ವೀಪದ 500 ಗಣ್ಯರನ್ನು ಸೆರೆಹಿಡಿದು, ನಡುಗಡಲಲ್ಲಿ ಕತ್ತರಿಸಿ ಎಸೆಸಿದನೆಂದು ಆರನೇ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಹೆಸರು ಕೆಟ್ಟಿದ್ದು ಸುಮ್ಮನೆ ಅಲ್ಲ.

ವಿರೋಧ

ಬೇಕೆಂದೇ ಹಾಳುಗೆಡಹುವುದಕ್ಕೆ 'ವ್ಯಾಂಡಲಿಸಂ' ಎಂಬ ಪದ ಚಲಾವಣೆಗೆ ಬಂದದ್ದು 1794ರಲ್ಲಿ, ಫ್ರಾನ್ಸಿನ ಪಾದ್ರಿ ಗ್ರೆಗ್ವಾರ್ ಕ್ರಾಂತಿಕಾಲದ ಕಲಾನಾಶವನ್ನು ಬೈಯುವಾಗ. ಗೈಸರಿಕ್ ಸತ್ತು 1300 ವರ್ಷ ಕಳೆದಿತ್ತು. ಕ್ರಿ.ಪೂ. 146ರಲ್ಲಿ ಇದೇ ಕಾರ್ಥೇಜನ್ನು ಸುಟ್ಟು, ಉಳಿದವರನ್ನು ಗುಲಾಮರಾಗಿ ಮಾರಿದ್ದು ರೋಮನರು. ಅವರ ಹೆಸರು ಯಾವ ಭಾಷೆಯಲ್ಲೂ ಬೈಗುಳವಾಗಲಿಲ್ಲ. ಈ ತಾರತಮ್ಯ ನನ್ನನ್ನು ಕಾಡುತ್ತದೆ. ಸೊಸೆಗೆ ಮಾಡಿದ್ದು ಘೋರ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಕ್ರೌರ್ಯ ಅವನೊಬ್ಬನದೇ ಆಗಿರಲಿಲ್ಲ.

429ರಲ್ಲಿ ಸ್ಪೇನಿನಿಂದ ಆಫ್ರಿಕಾಕ್ಕೆ ದಾಟಿದಾಗ ಅವನ ಜೊತೆ ಹೆಂಗಸರು, ಮಕ್ಕಳು, ಮುದುಕರೆಲ್ಲ ಸೇರಿ 80,000 ಜನ ಎಂದು ಅಂದಿನವರ ಲೆಕ್ಕ. ನೆಲೆಯಿಲ್ಲದ ಆ ಜನಕ್ಕೆ ಈ ಕುಂಟ ದೊರೆ ಹತ್ತೇ ವರ್ಷದಲ್ಲಿ ಕಾರ್ಥೇಜನ್ನು ರಾಜಧಾನಿ ಮಾಡಿಕೊಟ್ಟ. 468ರಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಭಾರೀ ನೌಕಾಪಡೆ ಕಳಿಸಿತು. ಅವನು ಐದು ದಿನದ ಗಡುವು ಕೇಳಿದ, ಗಾಳಿ ತಿರುಗುವುದನ್ನು ಕಾದ, ಉರಿಯುವ ಹಡಗುಗಳನ್ನು ಶತ್ರುವಿನ ನಡುವೆ ತೇಲಿಬಿಟ್ಟ. ಖಜಾನೆಯ 1,30,000 ಪೌಂಡ್ ಬಂಗಾರ ಆ ದಂಡಯಾತ್ರೆಗೆ ಕರಗಿತ್ತೆಂದು ಪ್ರೊಕೋಪಿಯಸನೇ ಬರೆಯುತ್ತಾನೆ.

ಆಡಳಿತ? ಮೊಮ್ಮಗ ಗುಂತಮುಂಡನ ಕಾಲದ ಮರದ ಹಲಗೆಗಳು ಅಲ್ಜೀರಿಯಾದ ಗಡಿಯಲ್ಲಿ ಸಿಕ್ಕಿವೆ. ರೈತರು ಆಲಿವ್ ಗಿಡಗಳಿರುವ ತುಂಡು ಭೂಮಿಯನ್ನು ಹಳೆಯ ರೋಮನ್ ಕಾಯ್ದೆಯಂತೆಯೇ ಕೊಂಡು ಮಾರಿದ ಪತ್ರಗಳು ಅವು.

ಸೆರೆಯಾಳುಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅವನ ಕೊನೆಗಾಲದಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದಿಂದ ಸಂಧಿಗೆ ಬಂದ ರಾಯಭಾರಿ ಸೆವೆರಸ್ ಉಡುಗೊರೆ ಬೇಡವೆಂದ, ಬದಲಿಗೆ ಸೆರೆಯವರನ್ನು ಕೊಡಿ ಎಂದ. ಗೈಸರಿಕ್ ತನ್ನ ಮತ್ತು ಮಕ್ಕಳ ಪಾಲಿನವರನ್ನು ಹಣ ಪಡೆಯದೆ ಬಿಟ್ಟ, ಉಳಿದವರನ್ನು ಮಾಲೀಕರು ಒಪ್ಪಿದರೆ ಕೊಂಡುಕೊಳ್ಳಬಹುದೆಂದ.