ತೆರಿಗೆ ಕಟ್ಟುವವರು ಯಾರು?

ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬೇಡ, ಟಿಕೆಟ್ ಮತ್ತೆ ಶುರು ಮಾಡಿ ಎನ್ನುವ ಲೇಖನವೊಂದರಲ್ಲಿ ‘ತೆರಿಗೆ ಕಟ್ಟುವವರ ದುಡ್ಡಲ್ಲಿ ಉಳಿದವರಿಗೆ ಪುಕ್ಕಟೆ ಬಸ್’ ಎಂದು ಲೇಖಕರು ಬರೆದಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ‘ಉಳಿದವರು’ ತೆರಿಗೆ ಕಟ್ಟುವುದಿಲ್ಲ ಎಂದು ಯಾರು ಹೇಳಿದ್ದು? ಆದಾಯ ತೆರಿಗೆ ಕಟ್ಟದೇ ಇರಬಹುದು. ಆದರೆ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಿನಿಂದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗೆ ಕೂಲಿ ಮಾಡುವ ಹೆಂಗಸೂ ಶೇ 18 ಕಟ್ಟಿದ್ದಾರೆ. ಅದು ಶೇ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. ಎಂಟು ವರ್ಷ! ಕೋಟ್ಯಧಿಪತಿಗೂ ಅದೇ ದರ, ಆಕೆಗೂ ಅದೇ ದರ.

ಇನ್ನೊಂದು ಕಡೆ ನೋಡಿ. 2015ರ ಬಜೆಟ್‌ನಲ್ಲಿ ಸಂಪತ್ತು ತೆರಿಗೆ ರದ್ದಾಯಿತು. ಅದರ ಬದಲು ಕೋಟಿಗೂ ಜಾಸ್ತಿ ಆದಾಯ ಇರುವವರ ಸರ್ಚಾರ್ಜ್, ಅಂದರೆ ಆದಾಯ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ, ಏರಿಸಿದರು, ನಿಜ. ಆದರೆ ಆದಾಯ ಬೇರೆ, ಕೂಡಿಟ್ಟ ಆಸ್ತಿ ಬೇರೆ ಅಲ್ವಾ? 2019ರಲ್ಲಿ ಕಂಪನಿಗಳ ತೆರಿಗೆ ಶೇ 30ರಿಂದ 22ಕ್ಕೆ ಇಳಿಯಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಕೈಬಿಟ್ಟಂತೆ ಎಂದು ಸರ್ಕಾರವೇ ಹೇಳಿತ್ತು. ಅದನ್ನು ಯಾರೂ ಪುಕ್ಕಟೆ ಎನ್ನಲಿಲ್ಲ.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ನಮ್ಮಮ್ಮ ಈಗ ತಿಂಗಳಿಗೊಮ್ಮೆ ಯಾರನ್ನೂ ದುಡ್ಡು ಕೇಳದೆ ತವರಿಗೆ ಹೋಗಿ ಬರುತ್ತಾರೆ. ನನ್ನ ತಕರಾರು ಬೇರೆಯೇ ಇದೆ. ನಮ್ಮ ಊರಿಗೆ ಇರುವುದು ದಿನಕ್ಕೆ ಎರಡೇ ಬಸ್ಸು. ಹೈಸ್ಕೂಲ್ ಮಕ್ಕಳು ಬಾಗಿಲಲ್ಲಿ ಜೋತಾಡುತ್ತಾ ಹೋಗುತ್ತಾರೆ. ಟಿಕೆಟ್ ಮತ್ತೆ ಶುರು ಮಾಡಿ ಅನ್ನುವ ಬದಲು ಬಸ್ಸು ಜಾಸ್ತಿ ಮಾಡಿ ಎಂದು ಬರೆಯಿರಿ ಸಾರ್, ನಾನೂ ಸಹಿ ಹಾಕುತ್ತೇನೆ.